ಕಿಂಗ್ಸ್‌ರೋಡ್‌ಗೆ ಬಸ್ ಎಷ್ಟು ಹೊತ್ತಿಗೆ? ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಶೂಟಿಂಗ್ ಆದ ಜಾಗಗಳನ್ನು ತೋರಿಸಲು ಬೆಲ್‌ಫಾಸ್ಟ್‌ನಿಂದ ಹೊರಡುವ ಒಂದು ದಿನದ ಬಸ್ ಟೂರ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರ ಬಗ್ಗೆಯೇ ಇವೆ. ಹಾಗಾಗಿ ಈ ಸಂಚಿಕೆ ಪೂರ್ತಿ ಉತ್ತರ ಐರ್ಲೆಂಡ್‌ಗೆ.

ಸೀರಿಯಲ್ ನೋಡದವರಿಗೆ ಎರಡು ಮಾತು. ಸಿಂಹಾಸನಕ್ಕಾಗಿ ಕಾದಾಡುವ ರಾಜಮನೆತನಗಳ ಕಾಲ್ಪನಿಕ ಕತೆ ಇದು. 2011ರಿಂದ 2019ರವರೆಗೆ ಎಂಟು ಸೀಸನ್‌ಗಳಲ್ಲಿ 73 ಕಂತು ಬಂದವು. ಕ್ರೊವೇಷಿಯಾ, ಐಸ್‌ಲ್ಯಾಂಡ್, ಸ್ಪೇನ್, ಮೊರಾಕೊ ಅಂತ ಶೂಟಿಂಗ್ ತಂಡ ಊರೂರು ಸುತ್ತಿತು, ಆದರೆ ಅದರ ಮನೆ ಅಂತ ಇದ್ದದ್ದು ಉತ್ತರ ಐರ್ಲೆಂಡ್. ಬೆಲ್‌ಫಾಸ್ಟ್ ಬಂದರಿನಲ್ಲಿ ಹಿಂದೆ ಹಡಗಿನ ಭಾಗಗಳಿಗೆ ಬಣ್ಣ ಹೊಡೆಯುತ್ತಿದ್ದ ಪೇಂಟ್ ಹಾಲ್ ಎಂಬ ಭಾರೀ ಕಟ್ಟಡದೊಳಗೆ ಸೆಟ್ ಹಾಕಿದ್ದರು. ಹೊರಗಿನ ದೃಶ್ಯಗಳಿಗೆ ಅಲ್ಲಿಂದ ಒಂದೆರಡು ಗಂಟೆ ದೂರದ ಕಡಲತೀರ, ಕಾಡು, ಹಾಳು ಕೋಟೆ. ಟೂರ್‌ನವರು ಈಗ ಕರೆದುಕೊಂಡು ಹೋಗುವುದು ಅಲ್ಲಿಗೇ.

ಪ್ರಶ್ನೆ: ನಾವು ಮೂರು ಜನ ಸ್ನೇಹಿತೆಯರು ಲಂಡನ್‌ಗೆ ಹೋಗುತ್ತಿದ್ದೇವೆ. ಬೆಲ್‌ಫಾಸ್ಟ್‌ಗೆ ಒಂದೇ ದಿನ ಇಟ್ಟುಕೊಂಡಿದ್ದೇವೆ. ಗೈಡ್ ಇರುವ ಬಸ್ಸೇ ಬೇಕಾ, ಅಥವಾ ಕಾರು ಬಾಡಿಗೆಗೆ ತಗೊಂಡು ನಾವೇ ಸುತ್ತಬಹುದಾ? – ಬೆಂಗಳೂರಿನ ಓದುಗಿ

ಉತ್ತರ: ಒಂದೇ ದಿನ ಅಂದರೆ ಬಸ್. ಕಾರು ಓಡಿಸುವುದು ಕಷ್ಟ ಅಂತಲ್ಲ. ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು, ನಮ್ಮ ಲೈಸೆನ್ಸ್ ಮೊದಲ ವರ್ಷ ನಡೆಯುತ್ತದೆ. ಆದರೆ ಆಂಟ್ರಿಮ್ ಕರಾವಳಿಯ ರಸ್ತೆ ಇದೆಯಲ್ಲ, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೈಗೆ ಸಿಗುವಷ್ಟು ಹತ್ತಿರ ಸಮುದ್ರ, ಅದನ್ನು ನೋಡಲು ಅಂತಲೇ ಜನ ದೂರದಿಂದ ಬರುತ್ತಾರೆ. ನಿಮ್ಮಲ್ಲಿ ಒಬ್ಬರು ಸ್ಟೀರಿಂಗ್ ಹಿಡಿದರೆ ಅವರಿಗೆ ಕಾಣುವುದು ಮುಂದಿನ ತಿರುವು ಮಾತ್ರ. ಬ್ಯಾಲಿಂಟಾಯ್ ಬಂದರಿಗೆ ಇಳಿಯುವ ರಸ್ತೆ ಕಿರಿದು, ಸುತ್ತಿ ಸುತ್ತಿ ಇಳಿಯುತ್ತದೆ. ಎದುರಿಗೆ ಗಾಡಿ ಬಂದರೆ ಹಿಂದೆ ಸರಿಯಬೇಕು.

ಅದಕ್ಕಿಂತ ದೊಡ್ಡ ಕಾರಣ ಗೈಡ್. ಸೀರಿಯಲ್ ನಡೆಯುತ್ತಿದ್ದ ವರ್ಷಗಳಲ್ಲಿ ಸೈನಿಕರಾಗಿ, ಹಳ್ಳಿಯವರಾಗಿ, ಹೆಣವಾಗಿ ನಿಂತವರು ಸ್ಥಳೀಯರೇ, ಸಾವಿರಾರು ಜನ. ಅವರಲ್ಲಿ ಕೆಲವರು ಈಗ ಇದೇ ಟೂರ್‌ಗಳಲ್ಲಿ ಗೈಡ್. ಕ್ಯಾಮೆರಾ ಎಲ್ಲಿತ್ತು, ಚಳಿಯಲ್ಲಿ ಎಷ್ಟು ಹೊತ್ತು ನಿಲ್ಲಿಸಿದ್ದರು, ಊಟಕ್ಕೆ ಏನು ಕೊಟ್ಟರು ಎಂಬುದನ್ನೆಲ್ಲ ಅವರು ಹೇಳುವುದನ್ನು ಕೇಳಬೇಕು. ಬುಕ್ ಮಾಡುವಾಗ ಇದನ್ನೇ ವಿಚಾರಿಸಿ: ಗೈಡ್ ಸೀರಿಯಲ್‌ನಲ್ಲಿ ಕೆಲಸ ಮಾಡಿದವರಾ? ಹೌದು ಅಂದರೆ ಸ್ವಲ್ಪ ದುಡ್ಡು ಹೆಚ್ಚಾದರೂ ಅದನ್ನೇ ಹಿಡಿಯಿರಿ. ಜೊತೆಗೆ ಕ್ಯಾರಿಕ್-ಎ-ರೀಡ್ ಹಗ್ಗದ ಸೇತುವೆಯ ಟಿಕೆಟ್ ಸೇರಿದೆಯಾ ಅಂತಲೂ ಕೇಳಿ. ಎಷ್ಟೋ ಸಲ ಸೇರಿರುವುದಿಲ್ಲ, ಅಲ್ಲಿಗೆ ಹೋದ ಮೇಲೆ ಗೊತ್ತಾಗುತ್ತದೆ.

ಪ್ರಶ್ನೆ: ಹೋದ ವರ್ಷ ಹೋಗಿ ಬಂದೆ. ನಿಜ ಹೇಳಬೇಕೆಂದರೆ ಬೇಜಾರಾಯಿತು. ಡಾರ್ಕ್ ಹೆಜಸ್ ಅಂದರೆ ಒಂದು ಹಳ್ಳಿ ರಸ್ತೆ, ಎರಡೂ ಕಡೆ ಮರ, ನಡುವೆ ಫೋಟೊ ತೆಗೆಸಿಕೊಳ್ಳುವವರ ಜಾತ್ರೆ. ಬ್ಯಾಲಿಂಟಾಯ್‌ನಲ್ಲಿ ಕೋಟೆಯೇ ಇಲ್ಲ! ಸೀರಿಯಲ್‌ನಲ್ಲಿ ಕಂಡದ್ದು ಒಂದೂ ಇಲ್ಲ. ಇಷ್ಟಕ್ಕೆ ಅಷ್ಟು ದೂರ ಹೋಗಬೇಕಿತ್ತಾ? – ಹುಬ್ಬಳ್ಳಿಯ ಓದುಗರು

ಉತ್ತರ: ನಿಮ್ಮ ಬೇಜಾರು ಅರ್ಥವಾಗುತ್ತದೆ. ಇದನ್ನು ಟೂರ್‌ನವರ ಜಾಹೀರಾತು ಮೊದಲೇ ಹೇಳಬೇಕಿತ್ತು. ಹೇಳುವುದಿಲ್ಲ. ಬ್ಯಾಲಿಂಟಾಯ್‌ನಲ್ಲಿ ನೀವು ಹುಡುಕಿದ ಪೈಕ್ ಕೋಟೆ ಕಂಪ್ಯೂಟರ್‌ನಲ್ಲಿ ಕಟ್ಟಿದ್ದು. ಹಿಮದ ಗೋಡೆ ಕಾಯುವವರ ಕೋಟೆ ಕಾಸಲ್ ಬ್ಲ್ಯಾಕ್‌ನ ಸೆಟ್ ನಿಂತಿದ್ದು ಮ್ಯಾಗರಮೋರ್ನ್ ಎಂಬಲ್ಲಿಯ ಹಳೆಯ ಕಲ್ಲುಕ್ವಾರಿಯಲ್ಲಿ, ಅದರ ಹಿಂದೆ ಆಕಾಶ ಮುಟ್ಟುವ ಆ ಗೋಡೆಯ ಬಹುಪಾಲು ಕಂಪ್ಯೂಟರ್‌ನದ್ದು. ಡಾರ್ಕ್ ಹೆಜಸ್ ‘ಕಿಂಗ್ಸ್‌ರೋಡ್’ ಎಂಬ ರಾಜಮಾರ್ಗವಾಗಿ ಕಾಣಿಸುವುದು ಎರಡನೇ ಸೀಸನ್‌ನ ಮೊದಲ ಕಂತಿನಲ್ಲಿ, ಸ್ಟಾರ್ಕ್ ಮನೆತನದ ಹುಡುಗಿ ಆರ್ಯ ಹುಡುಗನ ವೇಷದಲ್ಲಿ ಗಾಡಿಯಲ್ಲಿ ತಪ್ಪಿಸಿಕೊಂಡು ಹೋಗುವಾಗ, ಕೆಲವೇ ಸೆಕೆಂಡು. ಸೀರಿಯಲ್‌ನಲ್ಲಿ ಕಂಡದ್ದನ್ನೇ ಕಾಣಬೇಕು ಅಂತ ಹೋದರೆ ಯಾರಿಗಾದರೂ ಬೇಜಾರಾಗುತ್ತದೆ.

ಆದರೂ ಹೋಗಬೇಕು ಅಂತ ನಾನು ಹೇಳುವುದು ಬೇರೆ ಕಾರಣಕ್ಕೆ. ಆ ಮರಗಳನ್ನೇ ತೆಗೆದುಕೊಳ್ಳಿ. 1775ರ ಸುಮಾರಿಗೆ ಸ್ಟುವರ್ಟ್ ಮನೆತನದವರು ಗ್ರೇಸ್‌ಹಿಲ್ ಎಂಬ ತಮ್ಮ ಬಂಗಲೆಗೆ ಬರುವ ದಾರಿ ಚೆನ್ನಾಗಿ ಕಾಣಲಿ ಅಂತ ನೆಡಿಸಿದ ಬೀಚ್ ಮರಗಳು ಅವು. ಸುಮಾರು 150 ಇದ್ದವಂತೆ, ಈಗ ನೂರಕ್ಕೂ ಕಡಿಮೆ. ಬೀಚ್ ಮರದ ಆಯಸ್ಸು ಸಾಮಾನ್ಯವಾಗಿ ಇನ್ನೂರು ವರ್ಷದೊಳಗೆ. ಅಂದರೆ ಇವೆಲ್ಲ ವಯಸ್ಸು ಮೀರಿ ನಿಂತಿರುವ ಮರಗಳು. ಹತ್ತಿರ ಹೋಗಿ ನೋಡಿದರೆ ಕಾಂಡ ಬೂದು ಬಣ್ಣ, ನುಣುಪು, ಅಲ್ಲಲ್ಲಿ ಗಂಟು, ಕೊಂಬೆ ಕಡಿದ ಕಡೆ ತೊಗಟೆ ಒಳಮುಖವಾಗಿ ಸುತ್ತಿಕೊಂಡು ಗಾಯ ಮುಚ್ಚಿದೆ. ಎರಡೂ ಬದಿಯ ಕೊಂಬೆಗಳು ರಸ್ತೆಯ ಮೇಲೆ ಒಂದರೊಳಗೊಂದು ಹೆಣೆದುಕೊಂಡಿವೆ, ಯಾವ ಕೊಂಬೆ ಯಾವ ಮರದ್ದು ಅಂತ ಹೇಳಲಾಗುವುದಿಲ್ಲ. ಬೇರು ಮಾತ್ರ ಡಾಂಬರಿನ ಅಂಚಿಗೇ ಬಂದು ನಿಂತಿದೆ. ಸೀರಿಯಲ್ ಹೆಸರು ಮಾಡಿದ ಮೇಲೆ ಕಾರು, ಬಸ್ಸು ಸಾಲುಗಟ್ಟಿ ಬಂದು ಆ ಬೇರುಗಳ ಮೇಲೇ ನಿಂತವು. ಮಣ್ಣು ಗಟ್ಟಿಯಾಯಿತು. ಕೊನೆಗೆ 2017ರಲ್ಲಿ ಆ ರಸ್ತೆಗೆ ವಾಹನ ನಿಷೇಧಿಸಿದರು. ನಿಷೇಧ ಇದ್ದರೂ ನುಗ್ಗಿಸುವವರು ಇದ್ದಾರೆ ಅನ್ನುವುದು ನನಗೆ ತುಂಬಾ ನೋವಿನ ವಿಷಯ. ನಾವು ಇಷ್ಟಪಟ್ಟು ನೋಡಲು ಹೋದದ್ದೇ ಅದನ್ನು ಬೀಳಿಸುವ ಹಾಗಾಗಬಾರದು ಅಲ್ವಾ.

ಇನ್ನೊಂದು ಸಂಗತಿ ನಿಮ್ಮ ಗೈಡ್ ಹೇಳಿದರೋ ಇಲ್ಲವೋ. 2016ರ ಜನವರಿಯಲ್ಲಿ ಗರ್ಟ್ರೂಡ್ ಎಂಬ ಬಿರುಗಾಳಿಗೆ ಅಲ್ಲಿ ಎರಡು ಮರ ಉರುಳಿದವು. ಆ ಮರವನ್ನು ಸೌದೆಗೆ ಹಾಕಲಿಲ್ಲ. ಹತ್ತು ಬಾಗಿಲು ಮಾಡಿಸಿ, ಆರನೇ ಸೀಸನ್‌ನ ಒಂದೊಂದು ಕಂತಿನ ಕತೆಯನ್ನು ಒಂದೊಂದರ ಮೇಲೆ ಕೆತ್ತಿಸಿ, ಉತ್ತರ ಐರ್ಲೆಂಡ್‌ನ ಹತ್ತು ಪಬ್ಬು ಹೋಟೆಲ್ಲುಗಳಿಗೆ ಕೊಟ್ಟರು. ಒಂದು ಬ್ಯಾಲಿಂಟಾಯ್‌ನ ಫುಲ್ಲರ್ಟನ್ ಆರ್ಮ್ಸ್‌ನಲ್ಲಿದೆ, ಒಂದು ಕುಶೆಂಡನ್‌ನ ಮೇರಿ ಮ್ಯಾಕ್‌ಬ್ರೈಡ್ಸ್‌ನಲ್ಲಿ, ಒಂದು ಬ್ಯಾಲಿಗ್ಯಾಲಿ ಕೋಟೆಯ ಹೋಟೆಲಿನಲ್ಲಿ. ಸೀರಿಯಲ್‌ನ ನಿಜವಾದ ಗುರುತು ಬೇಕು ಅನ್ನುವವರು ರಸ್ತೆಗಿಂತ ಈ ಬಾಗಿಲು ನೋಡಬೇಕು. ಕೆತ್ತನೆಯ ಗೆರೆಯೊಳಗೆ ಬೆರಳು ಓಡಿಸಬಹುದು, ಯಾರೂ ಬೈಯುವುದಿಲ್ಲ.

ಬ್ಯಾಲಿಂಟಾಯ್‌ನಲ್ಲಿ ಕೋಟೆ ಇಲ್ಲ ನಿಜ. ಆದರೆ ಪೈಕ್‌ನ ದೊರೆಯ ಮಗ ಥಿಯಾನ್ ವರ್ಷಗಳ ನಂತರ ತನ್ನ ಊರಿಗೆ ಬಂದು ಇಳಿದಾಗ ಸ್ವಾಗತಕ್ಕೆ ಯಾರೂ ಇರುವುದಿಲ್ಲ, ಸ್ವಂತ ಅಕ್ಕನ ಗುರುತೇ ಹತ್ತುವುದಿಲ್ಲ, ನೆನಪಿದೆಯಾ? ಆ ಬಂದರಿನ ಗೋಡೆ, ಆಚೆಯ ಚೂಪು ಬಂಡೆಗಳು, ಅವುಗಳಿಗೆ ಅಪ್ಪಳಿಸುವ ನೀರು, ಎಲ್ಲ ಹಾಗೇ ಇದೆ. ಪಕ್ಕದಲ್ಲಿ ಸುಣ್ಣ ಸುಡುತ್ತಿದ್ದ ಕಲ್ಲಿನ ಗೂಡು ಇದೆ. ಇಲ್ಲಿಂದ ಹಡಗಿನಲ್ಲಿ ಸುಣ್ಣ, ಕಲ್ಲು ಸಾಗುತ್ತಿತ್ತು. ಕತೆಯಲ್ಲಿ ಅದು ಬಡ ದ್ವೀಪದ ಬಂದರು. ನಿಜದಲ್ಲೂ ಮೈಮುರಿದು ದುಡಿದವರ ಬಂದರೇ. ಅದಕ್ಕೇ ಆ ದೃಶ್ಯ ಅಷ್ಟು ನಂಬುವಂತಿದೆ ಅನ್ನಿಸುತ್ತದೆ ನನಗೆ.

ಮುಂದಿನ ಸಲ ಹೋಗುವವರಿಗೆ ಒಂದು ಮಾತು: ಹೊರಡುವ ಹಿಂದಿನ ರಾತ್ರಿ ಎರಡನೇ ಸೀಸನ್‌ನ ಮೊದಲ ನಾಲ್ಕು ಕಂತು ಮತ್ತೆ ನೋಡಿ. ಕರಾವಳಿಯ ಜಾಗಗಳು ಬಹುತೇಕ ಅಲ್ಲೇ ಇವೆ. ಮಾಟಗಾತಿ ಮೆಲಿಸಾಂಡ್ರೆ ನೆರಳನ್ನು ಹೆರುವ ಕುಶೆಂಡನ್ ಗುಹೆ, ಕತ್ತಿ ಹಿಡಿದ ಹೆಣ್ಣು ಬ್ರಿಯೆನ್ ಮೊದಲು ಕಾಣಿಸಿಕೊಳ್ಳುವ ರಾಜ ರೆನ್ಲಿಯ ಶಿಬಿರ ಎಲ್ಲ. ಶಿಬಿರ ಹಾಕಿದ್ದು ಲ್ಯಾರಿಬೇನ್ ಎಂಬಲ್ಲಿ, ಸುಣ್ಣದ ಕಲ್ಲಿನ ಬಿಳಿ ಬಂಡೆಯ ಬುಡದಲ್ಲಿ.

ಪ್ರಶ್ನೆ: ನಾನು ಡಬ್ಲಿನ್‌ನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ ಅಮ್ಮ ಶಿವಮೊಗ್ಗದಿಂದ ಬರುತ್ತಿದ್ದಾರೆ. ಡಬ್ಲಿನ್‌ನಿಂದಲೇ ಬೆಳಗಿನ ಜಾವ ಹೊರಟು ರಾತ್ರಿ ವಾಪಸ್ ಬರುವ ಟೂರ್ ಇದೆ. ಗಡಿಯಲ್ಲಿ ಯಾರೂ ಚೆಕ್ ಮಾಡಲ್ಲ, ಸುಮ್ನೆ ಹೋಗಿ ಬನ್ನಿ ಅನ್ನುತ್ತಾರೆ ಇಲ್ಲಿಯ ಸ್ನೇಹಿತರು. ಹೋಗಬಹುದಾ? – ಡಬ್ಲಿನ್‌ನಿಂದ ಓದುಗರು

ಉತ್ತರ: ಹಾಗೆ ಹೋಗಬೇಡಿ. ಗಡಿಯಲ್ಲಿ ಗೇಟಿಲ್ಲ, ಪೊಲೀಸರಿಲ್ಲ, ರಸ್ತೆ ಬದಿಯ ಬೋರ್ಡಿನಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬರುತ್ತದೆ, ಅಷ್ಟೇ ಗುರುತು. ಆದರೆ ಆ ಬೋರ್ಡು ದಾಟಿದರೆ ನೀವು ಬ್ರಿಟನ್ ದೇಶದೊಳಗೆ ಇದ್ದೀರಿ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅದಕ್ಕೆ ತಕ್ಕ ವೀಸಾ ಬೇಕು. ಕೆಲವೊಮ್ಮೆ ಬಸ್ ನಿಲ್ಲಿಸಿ ಪಾಸ್‌ಪೋರ್ಟ್ ಕೇಳುವುದೂ ಉಂಟು. ಸಿಕ್ಕಿಬಿದ್ದರೆ ಮುಂದಿನ ಎಲ್ಲ ವೀಸಾ ಅರ್ಜಿಗೂ ಅದು ಕಪ್ಪುಚುಕ್ಕೆ. ಒಂದು ದಿನದ ಸುತ್ತಾಟಕ್ಕೆ ನಿಮ್ಮ ಕೆಲಸದ ಪರ್ಮಿಟ್ ಪಣಕ್ಕಿಡಬೇಡಿ.

ನಿಮ್ಮ ಅಪ್ಪ ಅಮ್ಮನಿಗೆ ದಾರಿ ಇದೆ. ಬ್ರಿಟನ್ ಮತ್ತು ಐರ್ಲೆಂಡ್ ಸೇರಿ ಮಾಡಿರುವ ಬ್ರಿಟಿಷ್-ಐರಿಶ್ ವೀಸಾ ಯೋಜನೆ 2015ರಿಂದ ಭಾರತದವರಿಗೂ ಇದೆ. ಭಾರತದಲ್ಲಿ ಅರ್ಜಿ ಹಾಕಿ ಪಡೆದ ಪ್ರವಾಸಿ ವೀಸಾದ ಮೇಲೆ ‘ಬಿಐವಿಎಸ್’ (BIVS) ಅಂತ ಅಚ್ಚಾಗಿದ್ದರೆ ಅದೊಂದರಲ್ಲೇ ಎರಡೂ ಕಡೆ ಓಡಾಡಬಹುದು. ಷರತ್ತು ಒಂದು: ಯಾವ ದೇಶ ವೀಸಾ ಕೊಟ್ಟಿದೆಯೋ ಮೊದಲು ಆ ದೇಶಕ್ಕೇ ಇಳಿಯಬೇಕು. ಅವರು ಐರ್ಲೆಂಡ್‌ನ ವೀಸಾದಲ್ಲಿ ಡಬ್ಲಿನ್‌ಗೇ ಇಳಿದರೆ ತೊಂದರೆಯಿಲ್ಲ. ವೀಸಾ ಕೈಗೆ ಬಂದ ಕೂಡಲೇ ಆ ನಾಲ್ಕು ಅಕ್ಷರ ಇದೆಯಾ ಅಂತ ನೋಡಲು ಹೇಳಿ.

ತೊಂದರೆ ಇರುವುದು ನಿಮಗೆ. ಐರ್ಲೆಂಡ್‌ನ ರೆಸಿಡೆನ್ಸ್ ಕಾರ್ಡ್ ಗಡಿಯಾಚೆ ನಡೆಯುವುದಿಲ್ಲ, ಬ್ರಿಟನ್ ವೀಸಾ ಬೇರೆ ತೆಗೆದುಕೊಳ್ಳಬೇಕು. ಸಮಯ ಇಟ್ಟುಕೊಂಡು ಈಗಲೇ ಅರ್ಜಿ ಹಾಕಿ. ನಿಯಮ ಬದಲಾಗುತ್ತಿರುತ್ತವೆ, ಬುಕ್ ಮಾಡುವ ಮುಂಚೆ ಎರಡೂ ಸರ್ಕಾರಗಳ ವೆಬ್‌ಸೈಟ್ ನೋಡಿ.

ಇದರ ಜೊತೆಗೇ ಹಲವರು ಕೇಳಿದ್ದಾರೆ: ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಕೊಡುವ ಷೆಂಗೆನ್ ವೀಸಾದಲ್ಲಿ ಹೋಗಬಹುದಾ? ಇಲ್ಲ. ಐರ್ಲೆಂಡ್‌ಗೂ ಇಲ್ಲ, ಉತ್ತರ ಐರ್ಲೆಂಡ್‌ಗೂ ಇಲ್ಲ. ಷೆಂಗೆನ್ ಮಾತ್ರ ಇದೆ ಅನ್ನುವವರು ಡುಬ್ರೊವ್ನಿಕ್‌ಗೆ ಹೋಗಿ. ಕ್ರೊವೇಷಿಯಾ 2023ರ ಜನವರಿಯಿಂದ ಷೆಂಗೆನ್ ಒಳಗಿದೆ. ಸೀರಿಯಲ್‌ನ ರಾಜಧಾನಿ ಕಿಂಗ್ಸ್ ಲ್ಯಾಂಡಿಂಗ್ ಅಂದರೆ ಹೆಚ್ಚೂಕಮ್ಮಿ ಆ ಊರೇ, ಕೋಟೆಗೋಡೆ ಸಮೇತ.

ಪ್ರಶ್ನೆ: ನಮ್ಮ ಅತ್ತೆಗೆ 70 ದಾಟಿದೆ, ಮಂಡಿ ನೋವು. ಅವರೂ ಸೀರಿಯಲ್ ಪೂರ್ತಿ ನೋಡಿದ್ದಾರೆ, ನಮಗಿಂತ ಜಾಸ್ತಿ ಉತ್ಸಾಹ. ಅವರಿಗೆ ಆಗುತ್ತದಾ? – ಉಡುಪಿಯ ಓದುಗಿ

ಉತ್ತರ: ಖಂಡಿತ ಕರೆದುಕೊಂಡು ಹೋಗಿ. ದಿನದಲ್ಲಿ ಹೆಚ್ಚು ಹೊತ್ತು ಬಸ್ಸಿನಲ್ಲೇ ಕೂತಿರುತ್ತೀರಿ. ಡಾರ್ಕ್ ಹೆಜಸ್ ಸಪಾಟು ರಸ್ತೆ. ಕಾರ್ನ್‌ಲೋ ಬಂದರಿನಲ್ಲಿ, ಅಂದರೆ ಆರನೇ ಸೀಸನ್‌ನಲ್ಲಿ ಹೊಟ್ಟೆಗೆ ಚೂರಿ ಬಿದ್ದ ಆರ್ಯ ನೀರಿನಿಂದ ಮೇಲೆ ಹತ್ತುವ ಮೆಟ್ಟಿಲು ಇರುವಲ್ಲಿ, ಮೇಲೆ ನಿಂತೇ ನೋಡಬಹುದು. ಆ ಮೆಟ್ಟಿಲಿಗೆ ಇಳಿಯುವುದು ಅವರಿಗೆ ಬೇಡ, ಪಾಚಿ ಇರುತ್ತದೆ.

ಹಗ್ಗದ ಸೇತುವೆ ಬಿಟ್ಟುಬಿಡಿ. ಸೇತುವೆಯ ಉದ್ದ 20 ಮೀಟರ್ ಅಷ್ಟೇ, ಆದರೆ 30 ಮೀಟರ್ ಕೆಳಗೆ ಸಮುದ್ರ. ಮಂಡಿಗೆ ಕಷ್ಟ ಕೊಡುವುದು ಸೇತುವೆಯಲ್ಲ, ಅಲ್ಲಿವರೆಗಿನ ದಾರಿ ಮತ್ತು ಮೆಟ್ಟಿಲು. ಸಾಲ್ಮನ್ ಮೀನು ಹಿಡಿಯುವವರು 250 ವರ್ಷಕ್ಕೂ ಹಿಂದೆ ಆ ಪುಟ್ಟ ದ್ವೀಪಕ್ಕೆ ದಾಟಲು ಕಟ್ಟಿಕೊಂಡ ದಾರಿ ಅದು. ಮೀನು ಕಡಿಮೆಯಾಗಿ 2002ರಲ್ಲಿ ಅಲ್ಲಿ ಮೀನುಗಾರಿಕೆ ನಿಂತಿತು. ಜೋರು ಗಾಳಿ ಬಂದರೆ ಸೇತುವೆ ಮುಚ್ಚುತ್ತಾರೆ, ಆಗ ಯಾರಿಗೂ ಇಲ್ಲ.

ಜೈಂಟ್ಸ್ ಕಾಸ್‌ವೇಯಲ್ಲಿ ಮೇಲಿನ ಕಚೇರಿಯಿಂದ ಕಲ್ಲುಗಳವರೆಗೆ ಸಣ್ಣ ಬಸ್ ಓಡುತ್ತದೆ, ಅದರಲ್ಲಿ ಕೂರಿಸಿ. ಇಲ್ಲಿ ಗೇಮ್ ಆಫ್ ಥ್ರೋನ್ಸ್ ಶೂಟಿಂಗ್ ಆಗಿಲ್ಲ, ದಾರಿಯಲ್ಲಿದೆ ಅಂತ ಬಹಳಷ್ಟು ಟೂರ್‌ನವರು ನಿಲ್ಲಿಸುತ್ತಾರೆ. ನೀವು ಉಡುಪಿಯವರಾದ್ದರಿಂದ ಹೇಳುತ್ತಿದ್ದೇನೆ, ನಿಮ್ಮ ಅತ್ತೆ ಅದನ್ನು ನೋಡಿದ ಕೂಡಲೇ ಮಲ್ಪೆಯ ಸೇಂಟ್ ಮೇರಿಸ್ ದ್ವೀಪ ಅಂದುಬಿಡುತ್ತಾರೆ. ಸರಿಯಾಗಿಯೇ ಹೇಳುತ್ತಾರೆ. ಎರಡೂ ಕಡೆ ಲಾವಾ ಹರಿದು, ತಣ್ಣಗಾಗುತ್ತಾ ಕುಗ್ಗಿ, ಬೇಸಿಗೆಯಲ್ಲಿ ಕೆರೆಯ ಕೆಸರು ಬಿರುಕು ಬಿಡುವ ಹಾಗೆ ಬಿರುಕು ಬಿಟ್ಟು, ಆ ಬಿರುಕು ಆಳಕ್ಕೆ ಇಳಿದು ಕಂಬಗಳಾದವು. ಅಲ್ಲಿಯದು ಸುಮಾರು 6 ಕೋಟಿ ವರ್ಷದ ಬಸಾಲ್ಟ್ ಕಲ್ಲು, ಸುಮಾರು 40,000 ಕಂಬ, ಹೆಚ್ಚಿನವಕ್ಕೆ ಆರು ಮೂಲೆ. ನಮ್ಮದು ಬೇರೆ ಜಾತಿಯ ಕಲ್ಲು, ಅದಕ್ಕಿಂತಲೂ ಹಳೆಯದು. ನೀರು ಬಡಿಯುವ ಕಡೆ ಕಲ್ಲು ಕಪ್ಪಾಗಿರುತ್ತದೆ, ಅಲ್ಲಿ ಕಾಲಿಟ್ಟರೆ ಜಾರುವುದು ಗ್ಯಾರಂಟಿ. ಒಣಗಿದ ಬೂದು ಕಲ್ಲಿನ ಮೇಲೆ ಕೂರಿಸಿ, ಕೈಗೆ ಫ್ಲಾಸ್ಕಿನ ಕಾಫಿ ಕೊಡಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಟೂರ್ ಬಸ್ ಊಟಕ್ಕೆ ಪಬ್‌ನಲ್ಲಿ ನಿಲ್ಲಿಸುತ್ತದಂತೆ. – ಮೈಸೂರಿನ ಓದುಗರು

ಉತ್ತರ: ಪಬ್ ಅಂದರೆ ಅಲ್ಲಿ ಊಟದ ಹೋಟೆಲೂ ಹೌದು, ಮಕ್ಕಳು ಮರಿ ಎಲ್ಲ ಕೂತು ತಿನ್ನುತ್ತಾರೆ, ಸಂಕೋಚ ಬೇಡ. ತರಕಾರಿ ಸೂಪು, ಜೊತೆಗೆ ಗೋಧಿಯ ಕಂದು ಬ್ರೆಡ್ಡು ಬಹುತೇಕ ಎಲ್ಲ ಕಡೆ ಸಿಗುತ್ತದೆ. ಬ್ರೆಡ್ಡು ಬಹಳ ರುಚಿ, ಈಸ್ಟ್ ಹಾಕದೆ ಸೋಡಾ, ಮಜ್ಜಿಗೆಯಲ್ಲಿ ಮಾಡುತ್ತಾರೆ. ಆದರೆ ಎರಡು ಪ್ರಶ್ನೆ ಕೇಳಿಯೇ ತಿನ್ನಿ. ಸೂಪಿಗೆ ಕೋಳಿ ಸಾರು ಹಾಕಿದ್ದೀರಾ? ಚಿಪ್ಸ್ ಕರಿದದ್ದು ಎಣ್ಣೆಯಲ್ಲಾ, ದನದ ಕೊಬ್ಬಿನಲ್ಲಾ? ಆ ಕಡೆ ಕೆಲವು ಅಂಗಡಿಗಳಲ್ಲಿ ಈಗಲೂ ಕೊಬ್ಬಿನಲ್ಲೇ ಕರಿಯುತ್ತಾರೆ. ಕೇಳಿದರೆ ನೇರವಾಗಿ ಹೇಳುತ್ತಾರೆ, ಬೇಸರ ಮಾಡಿಕೊಳ್ಳುವುದಿಲ್ಲ. ಚಟ್ನಿಪುಡಿ, ಒಗ್ಗರಣೆ ಹಾಕಿದ ಅವಲಕ್ಕಿ ಡಬ್ಬಿಯಲ್ಲಿದ್ದರೆ ನೆಮ್ಮದಿ. ಭಾರತದಿಂದ ತುಪ್ಪ, ಪನೀರ್ ಒಯ್ಯಬೇಡಿ, ಹಾಲಿನ ಪದಾರ್ಥಕ್ಕೆ ಅಲ್ಲಿ ಪರವಾನಗಿ ಇಲ್ಲ.

ಪ್ರಶ್ನೆ: ಮಗನಿಗೆ 12 ವರ್ಷ. ಸೀರಿಯಲ್ ತೋರಿಸಿಲ್ಲ, ತೋರಿಸುವುದೂ ಇಲ್ಲ. ಟೂರ್‌ಗೆ ಕರೆದೊಯ್ಯಬಹುದಾ? – ಮಂಗಳೂರಿನ ಓದುಗಿ

ಉತ್ತರ: ತೋರಿಸದಿರುವುದು ಸರಿಯೇ. ಕೆಲವು ಬಸ್ಸುಗಳಲ್ಲಿ ಸೀರಿಯಲ್‌ನ ತುಣುಕು ಹಾಕುತ್ತಾರೆ, ಅದಕ್ಕೆ ವಯಸ್ಸಿನ ಮಿತಿಯೂ ಇರುತ್ತದೆ, ಮೊದಲೇ ಕೇಳಿ. ನಿಮಗೆ ಒಪ್ಪುವುದು ಜೈಂಟ್ಸ್ ಕಾಸ್‌ವೇ ಟೂರ್. ಅದೇ ಕರಾವಳಿ, ಅದೇ ಮರಗಳು, ಕತೆ ಮಾತ್ರ ಫಿನ್ ಮ್ಯಾಕೂಲ್ ಎಂಬ ದೈತ್ಯನದ್ದು. ಸ್ಕಾಟ್ಲೆಂಡ್‌ನ ದೈತ್ಯನ ಜೊತೆ ಜಗಳವಾಡಲು ಸಮುದ್ರದಲ್ಲಿ ಕಲ್ಲಿನ ದಾರಿ ಹಾಕುತ್ತಾನೆ, ಎದುರಾಳಿ ತನಗಿಂತ ದೊಡ್ಡವನು ಅಂತ ಗೊತ್ತಾದ ಕೂಡಲೇ ಓಡಿ ಮನೆಗೆ ಬರುತ್ತಾನೆ, ಹೆಂಡತಿ ಅವನಿಗೆ ಮಗುವಿನ ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸುತ್ತಾಳೆ. ಬಂದವನು ಮಗುವೇ ಇಷ್ಟು ದೊಡ್ಡದು ಅಂದರೆ ಅಪ್ಪ ಎಷ್ಟಿರಬೇಕು ಅಂತ ಹೆದರಿ, ದಾರಿಯನ್ನು ಕಿತ್ತುಹಾಕುತ್ತಾ ಓಡಿಹೋಗುತ್ತಾನೆ. ಸ್ಕಾಟ್ಲೆಂಡ್‌ನ ಸ್ಟ್ಯಾಫಾ ದ್ವೀಪದಲ್ಲೂ ಇಂಥದೇ ಕಂಬಗಳಿವೆ, ಕತೆ ಹುಟ್ಟಿದ್ದು ಅಲ್ಲಿಂದಲೇ ಇರಬೇಕು.

ಪ್ರಶ್ನೆ: ಸ್ಟಾರ್ಕ್ ಮನೆತನದ ಕೋಟೆ ವಿಂಟರ್‌ಫೆಲ್ ನೋಡಬೇಕು ಅಂತ ನನ್ನಾಸೆ. ಕರಾವಳಿ ಟೂರ್‌ನಲ್ಲಿ ಅದು ಇಲ್ಲವಂತೆ. ಯಾವುದಕ್ಕೆ ಹೋಗಲಿ, ಯಾವ ತಿಂಗಳು? – ದಾವಣಗೆರೆಯ ಓದುಗರು

ಉತ್ತರ: ಟೂರ್ ಎರಡು ಥರ. ಬೆಲ್‌ಫಾಸ್ಟ್‌ನಿಂದ ಉತ್ತರಕ್ಕೆ ಹೋಗುವುದು ಕರಾವಳಿ. ದಕ್ಷಿಣಕ್ಕೆ ಹೋಗುವುದು ಸ್ಟಾರ್ಕ್‌ಗಳ ನಾಡು. ಕಾಸಲ್ ವಾರ್ಡ್ ಎಂಬ ಎಸ್ಟೇಟಿನ ಹಳೆಯ ಕೊಟ್ಟಿಗೆ ಅಂಗಳವೇ ಮೊದಲ ಸೀಸನ್‌ನ ವಿಂಟರ್‌ಫೆಲ್. ಹತ್ತಿರದ ಇಂಚ್ ಅಬಿ, 12ನೇ ಶತಮಾನದ ಹಾಳು ಮಠ, ಸ್ಟಾರ್ಕ್‌ಗಳ ಹಿರಿಮಗ ರಾಬ್‌ನನ್ನು ಉತ್ತರದ ರಾಜ ಅಂತ ಕೂಗುವ ಶಿಬಿರ. ಮೊದಲ ಕಂತಿನಲ್ಲಿ ತೋಳದ ಮರಿಗಳು ಸಿಗುವ ದೃಶ್ಯ ಟಾಲಿಮೋರ್ ಕಾಡಿನದ್ದು. ಟೂರ್‌ನವರು ಕಂಬಳಿಯಂಥ ದಪ್ಪ ನಿಲುವಂಗಿ, ಕತ್ತಿ ಕೊಡುತ್ತಾರೆ, ಹಾಕಿಕೊಂಡು ಕಾಡಿನಲ್ಲಿ ನಡೆಯಬಹುದು. ನಾಚಿಕೆ ಬಿಟ್ಟು ಹಾಕಿಕೊಳ್ಳಿ, ಮಳೆಗೂ ಆಗುತ್ತದೆ.

ಸೀರಿಯಲ್ ಮೇಲೆ ನಿಜವಾದ ಹುಚ್ಚು ಇರುವವರಿಗೆ ನನ್ನ ಓಟು ದಕ್ಷಿಣಕ್ಕೆ. ಇಲ್ಲಿ ಕಣ್ಣಿಗೆ ಕಂಡದ್ದಕ್ಕೂ ಸೀರಿಯಲ್‌ಗೂ ಅಂತರ ಕಡಿಮೆ. ದೇಶ ನೋಡಬೇಕು ಅನ್ನುವವರಿಗೆ ಕರಾವಳಿ. ಸೆಟ್, ಬಟ್ಟೆ, ಆಯುಧ ಬೇಕು ಅಂದರೆ ಬ್ಯಾನ್‌ಬ್ರಿಜ್‌ನ ಲಿನನ್ ಮಿಲ್ ಸ್ಟುಡಿಯೋದಲ್ಲಿ 2022ರಲ್ಲಿ ತೆರೆದ ಸ್ಟುಡಿಯೋ ಟೂರ್ ಇದೆ. ವಿಂಟರ್‌ಫೆಲ್‌ನ ಒಳಗಿನ ದರ್ಬಾರು ಹಾಲ್ ಇರುವುದು ಅಲ್ಲಿ. ಬೆಲ್‌ಫಾಸ್ಟ್‌ನಿಂದ ಬಸ್ ಉಂಟು.

ತಿಂಗಳು ಅಂದರೆ ಮೇ ಅಥವಾ ಸೆಪ್ಟೆಂಬರ್. ಜುಲೈ, ಆಗಸ್ಟ್‌ನಲ್ಲಿ ಅಲ್ಲಿಯ ಶಾಲೆಗಳಿಗೆ ರಜೆ, ಎಲ್ಲ ಕಡೆ ಜನ. ಜುಲೈ 12ರ ಆಸುಪಾಸು ಅಂತೂ ಬೇಡ, ಆವತ್ತು ಮೆರವಣಿಗೆಗಳ ರಜೆ, ಎಷ್ಟೋ ಅಂಗಡಿ ಮುಚ್ಚಿ ರಸ್ತೆ ಬಂದ್ ಆಗಿರುತ್ತದೆ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕು, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲೆ, ಹಾಗಾಗಿ ಚಳಿಗಾಲದಲ್ಲಿ ಹೋದರೆ ಕೊನೆಯ ಒಂದೆರಡು ಜಾಗ ಕತ್ತಲಲ್ಲೇ ಮುಗಿಯುತ್ತದೆ. ಯಾವ ತಿಂಗಳು ಹೋದರೂ ಕೊಡೆ ಬೇಡ, ಗಾಳಿಗೆ ಮೊದಲನೇ ಸ್ಟಾಪ್‌ನಲ್ಲೇ ತಿರುಗಿ ಮುರಿಯುತ್ತದೆ. ಟೊಪ್ಪಿ ಇರುವ ಮಳೆಕೋಟು ತಗೊಳ್ಳಿ. ಖರ್ಚಿಗೆ ಪೌಂಡ್ ಬೇಕು, ಯೂರೋ ಅಲ್ಲ. ಚಿಲ್ಲರೆಯಾಗಿ ಅಲ್ಲಿಯ ಬ್ಯಾಂಕುಗಳೇ ಅಚ್ಚು ಹಾಕಿದ ಪೌಂಡ್ ನೋಟು ಸಿಗುತ್ತದೆ, ಲಂಡನ್‌ನ ಕೆಲವು ಅಂಗಡಿಯವರು ಅದನ್ನು ತಗೊಳ್ಳಲು ಹಿಂದೆಮುಂದೆ ನೋಡುತ್ತಾರೆ, ಬೆಲ್‌ಫಾಸ್ಟ್‌ನಲ್ಲೇ ಖರ್ಚು ಮಾಡಿ ಮುಗಿಸಿ.